ಚಿಕ್ಕಮ್ಮನ ಮುಖ, ಆಮೇಲೆ ಅಕ್ಕಿ ಚೀಲ

ಮಾಧ್ಯಮ ಅಧ್ಯಯನದ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಒಂದು ಪಠ್ಯಪುಸ್ತಕ ಬರುತ್ತಿದೆ, ಕಥಾಚಿತ್ರಗಳಲ್ಲಿನ ತಾಂತ್ರಿಕ ಸಂಕೇತಗಳ ಅಧ್ಯಾಯ ನೀವೇ ಬರೆಯಬೇಕು ಎಂದು ಸಂಪಾದಕರು ಫೋನ್ ಮಾಡಿದಾಗ ನಾನು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಡಲೆಕಾಯಿ ಬಿಡಿಸುತ್ತಿದ್ದೆ. ಹೂಂ ಅಂದುಬಿಟ್ಟೆ. ಅದರಲ್ಲೇನು ಮಹಾ? ಕ್ಯಾಮೆರಾ, ಬೆಳಕು, ಶಬ್ದ, ಸಂಕಲನ, ವೇಷಭೂಷಣ. ಕಾಲೇಜಿನಲ್ಲಿ ವರ್ಷವರ್ಷವೂ ಒಪ್ಪಿಸುತ್ತಾ ಬಂದ ಪಾಠ. ಕೂತರೆ ಒಂದು ವಾರದ ಕೆಲಸ ಅಂದುಕೊಂಡೆ.

ಕೂತೆ. ಬರೆದೆ. ಕ್ಯಾಮೆರಾ ಮೇಲಿನಿಂದ ಕೆಳಗೆ ನೋಡಿದರೆ ಪಾತ್ರ ದುರ್ಬಲವಾಗಿ ಕಾಣುತ್ತದೆ, ಕೆಳಗಿನಿಂದ ಮೇಲೆ ನೋಡಿದರೆ ಬಲಶಾಲಿಯಾಗಿ ಕಾಣುತ್ತದೆ, ಮುಖದ ಅರ್ಧ ಕತ್ತಲಾದರೆ ಅನುಮಾನ ಹುಟ್ಟುತ್ತದೆ, ಇತ್ಯಾದಿ, ಇತ್ಯಾದಿ. ಅದನ್ನು ಅಂತಿಮ ವರ್ಷದವರಿಗೆ ಓದಲು ಕೊಟ್ಟೆ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ, ಮುಲಾಜಿಲ್ಲದವಳು, ಹಾಳೆಗಳನ್ನು ವಾಪಸ್ ಕೊಡುತ್ತಾ ಹೇಳಿದಳು: "ಮ್ಯಾಮ್, ಓದ್ತಾ ಇದ್ರೆ ಗೊತ್ತಾಗುತ್ತೆ. ಆದ್ರೆ ಏನ್ ಗೊತ್ತಾಯ್ತು ಅಂತ ಕೇಳಿದ್ರೆ ಗೊತ್ತಾಗಲ್ಲ."

ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ನಿಜ. ಉದಾಹರಣೆಯೇ ಇರಲಿಲ್ಲ ಅದರಲ್ಲಿ. ಬಿಡುಗಡೆಯಾದ ಸಿನಿಮಾಗಳ ದೃಶ್ಯ ಹಾಕಬೇಕೆಂದರೆ ಅನುಮತಿಗಾಗಿ ಅವರಿವರ ಬಾಗಿಲು ತಟ್ಟಬೇಕು, ಅಷ್ಟು ಸಮಯವಿಲ್ಲ. ಹಾಗಾಗಿ ನಾನೇ ಒಂದು ಚಿಕ್ಕ ಕಥೆ ಚಿತ್ರೀಕರಿಸಿ, ಅದರ ಚೌಕಟ್ಟುಗಳನ್ನೇ ಪುಸ್ತಕದಲ್ಲಿ ಅಚ್ಚು ಹಾಕಿಸುವುದು ಎಂದು ನಿರ್ಧರಿಸಿದೆ. ಯೋಜನೆ ಸರಳ. ಒಂದೇ ಮುಖ, ಒಂದೇ ಶಾಟ್. ಅದರ ಪಕ್ಕಕ್ಕೆ ಎರಡು ಬೇರೆ ಬೇರೆ ಶಾಟ್ ಜೋಡಿಸಿ ಎರಡು ಕಥೆ ಮಾಡುವುದು. ಮುಖ ಬದಲಾಗದೆ ಅರ್ಥ ಬದಲಾಗುವುದು ಹೇಗೆ ಎಂದು ವಿದ್ಯಾರ್ಥಿಗಳು ಕಣ್ಣಾರೆ ಕಾಣಬೇಕು. ಒಂದು ಕಥೆಯಲ್ಲಿ ಆ ಹೆಂಗಸು ತಾಯಿಯಾಗಬೇಕು, ಇನ್ನೊಂದರಲ್ಲಿ ಕಳ್ಳಿ.

ಯಾರ ಮುಖ? ಈ ಪ್ರಶ್ನೆಗೆ ನಾನು ಒಂದು ಕ್ಷಣವೂ ತಡಕಾಡಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳಲ್ಲ ಅಂದುಕೊಂಡೆ.

ಚಿಕ್ಕಮ್ಮ ನನ್ನ ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ. ಕಾಗದನಗರದ ಕಾರ್ಖಾನೆ ಕ್ವಾರ್ಟರ್ಸ್ ಬಿಟ್ಟು ಜನ್ನಾಪುರದ ಬಾಡಿಗೆ ಮನೆಗೆ ಬಂದ ಮೇಲೆ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಾಳೆ. ಚಿಕ್ಕಪ್ಪನಿಗೆ ಸೊಂಟ ಹಿಡಿದಿದೆ, ಕೂತಲ್ಲೇ ಕೂತಿದ್ದಾರೆ. ಮನೆ ನಡೆಯುವುದು ಅವಳಿಗೆ ಬರುವ ಗೌರವಧನದಿಂದ. ಬಾಯಿ ಜೋರು, ಕೈ ಚುರುಕು. ನಾನು ಚಿಕ್ಕವಳಿದ್ದಾಗ ರಜಾ ಬಂದರೆ ಅವಳ ಮನೆಗೇ ಓಡುತ್ತಿದ್ದೆ.

ಒಂದು ಮಧ್ಯಾಹ್ನ ಫೋನು, ಸ್ಟ್ಯಾಂಡು, ಒಂದು ಟೇಬಲ್ ಲ್ಯಾಂಪು ಹಿಡಿದುಕೊಂಡು ಹೋದೆ. ಅವಳು ಆಗಷ್ಟೇ ಶಾಲೆಯಿಂದ ಬಂದಿದ್ದಳು. ಬಿಸಿಯೂಟದ ಅಡುಗೆಯವರಿಗೆ ಕೊಡುವ ಏಪ್ರನ್ ಇನ್ನೂ ಮೈಮೇಲಿತ್ತು. ಪಾಠಕ್ಕೆ ಒಂದು ಚಿಕ್ಕ ಸಿನಿಮಾ ಎಂದಷ್ಟೇ ಹೇಳಿದೆ, ತಕ್ಷಣ ಕನ್ನಡಿ ಮುಂದೆ ಹೋಗಿ ನಿಂತಳು.

"ಸಿನಿಮಾ ಅಂದ್ರೆ ಹಿಂಗೇನೇ ಬರೋದು? ಇರು ಮಾರಾಯ್ತಿ, ಮುಖ ತೊಳ್ಕೊಂಡು ಆ ಹಸಿರು ಸೀರೆ ಉಟ್ಕೊಂಡ್ ಬರ್ತೀನಿ. ಮದ್ವೆ ಮನೆಗೆ ಬಿಟ್ರೆ ಉಟ್ಟೇ ಇಲ್ಲ ಅದನ್ನ."

"ಬೇಡ ಚಿಕ್ಕಮ್ಮ, ಏಪ್ರನ್ ತೆಗೀಬೇಡ. ಹಂಗೇ ಚೆನ್ನಾಗಿದೆ."

"ಎಣ್ಣೆ ಕಲೆ ಐತೆ ಕಣೇ ಇದ್ರಲ್ಲಿ."

"ಅದೇ ಬೇಕಾಗಿರೋದು."

ವೇಷಭೂಷಣವೂ ಒಂದು ಸಂಕೇತ, ಪಾತ್ರ ಯಾರೆಂದು ಒಂದೇ ನೋಟಕ್ಕೆ ತಿಳಿಸುತ್ತದೆ ಎಂದು ಅಧ್ಯಾಯದಲ್ಲಿ ಬರೆದವಳು ನಾನೇ ತಾನೇ? ಅವಳು ಸೀರೆಯ ಆಸೆ ಬಿಟ್ಟು, ತಲೆಗೂದಲನ್ನಾದರೂ ನೀರು ಸವರಿ ಬಾಚಿಕೊಂಡು ಬಂದು ಕೂತಳು. ಅಡುಗೆಮನೆಯ ಕಿಟಕಿ ಅವಳ ಎಡಕ್ಕೆ ಬರುವಂತೆ ಮಣೆ ಹಾಕಿದೆ. ಕ್ಯಾಮೆರಾ ಅವಳ ಕಣ್ಣಿನ ಮಟ್ಟಕ್ಕೆ. ಎದೆಯಿಂದ ಮೇಲಕ್ಕೆ ಮಾತ್ರ ಕಾಣುವಂತೆ ಚೌಕಟ್ಟು. ನೆಲದ ಮೂಲೆ ನೋಡಬೇಕು, ಏನೂ ಯೋಚನೆ ಮಾಡಬಾರದು ಎಂದು ಹೇಳಿದೆ.

"ಏನೂ ಯೋಚ್ನೆ ಮಾಡ್ದೆ ಹೆಂಗಿರೋದೇ? ಸಾರಿಗೆ ಹುಣಸೆಹಣ್ಣು ನೆನೆಹಾಕಿದೀನೋ ಇಲ್ವೋ ಅಂತ ಬರ್ತಾ ಐತೆ ತಲೆಗೆ."

"ಅದನ್ನೇ ಯೋಚ್ನೆ ಮಾಡು."

ಹುಣಸೆಹಣ್ಣಿನ ಯೋಚನೆಯ ಆ ಮುಖ ಅದ್ಭುತವಾಗಿ ಬಂತು. ಸಂತೋಷವೂ ಇಲ್ಲ, ದುಃಖವೂ ಇಲ್ಲ, ಏನು ಬೇಕಾದರೂ ತುಂಬಿಕೊಳ್ಳಬಹುದು. ಆಮೇಲೆ ಜೋಡಿಸುವ ಶಾಟ್‌ಗಳು. ಪಕ್ಕದ ಮನೆಯ ಕೂಸು ಚಾಪೆಯ ಮೇಲೆ ಮಲಗಿತ್ತು, ಅದರಮ್ಮನನ್ನು ಕೇಳಿ ಒಂದು ಶಾಟ್ ತೆಗೆದೆ. ಮೂಲೆಯಲ್ಲಿ ಸೊಸೈಟಿ ಅಕ್ಕಿ ತುಂಬಿಟ್ಟ ಗೋಣಿಚೀಲ. ಕುರ್ಚಿ ಹತ್ತಿ ಅದನ್ನು ಮೇಲಿನಿಂದ ತೆಗೆದೆ. ಚೀಲದ ಬಾಯಿ ಬಿಚ್ಚಿದ್ದು ಕಂಡು ಚಿಕ್ಕಮ್ಮ "ಇಲಿ ಬರುತ್ತೆ" ಎಂದು ಗೊಣಗುತ್ತಾ ಬಗ್ಗಿ ಹುರಿಯಿಂದ ಕಟ್ಟತೊಡಗಿದಳು. ನಾನು ಕೇಳಿರಲೇ ಇಲ್ಲ, ತಾನಾಗಿ ಮಾಡಿದ್ದು. ಅದನ್ನೂ ತೆಗೆದುಕೊಂಡೆ. ಕಾಫಿ ಕುಡಿದು, ಅವಳು ಕಟ್ಟಿಕೊಟ್ಟ ಚಟ್ನಿಪುಡಿ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ.

ಸಂಕಲನಕ್ಕೆ ಎರಡು ದಿನ ಹಿಡಿಯಿತು. ಕೂಸಿನ ಕಥೆ ಬೇಗ ಮುಗಿಯಿತು: ಮುಖ, ಮಲಗಿದ ಕೂಸು, ಮತ್ತೆ ಮುಖ. ಬೆಳಕು ಇದ್ದಂತೆಯೇ, ಶಬ್ದವೂ ಮನೆಯದ್ದೇ. ಎರಡನೆಯದಕ್ಕೆ ಜೀವ ತೇದೆ. ಬೆಳಕು ಇಳಿಸಿ ಮುಖದ ಬಲಭಾಗವನ್ನು ಕತ್ತಲು ಮಾಡಿದೆ. ಬಣ್ಣದಲ್ಲಿ ಹಳದಿ ತೆಗೆದು ನೀಲಿ ಕೊಟ್ಟೆ. ಟೇಬಲ್ ಫ್ಯಾನಿನ ಶಬ್ದ ರೆಕಾರ್ಡ್ ಮಾಡಿ, ವೇಗ ತಗ್ಗಿಸಿದಾಗ ಅದು ಹೊಟ್ಟೆಯಿಂದ ಬಂದ ಗುಂಯ್‌ಗುಡುವಿಕೆಯಂತಾಯಿತು. ಚಿತ್ರ ಬರುವುದಕ್ಕೂ ಮೊದಲೇ ಆ ಶಬ್ದ ಶುರುವಾಗುವಂತೆ ಜೋಡಿಸಿದೆ. ಮುಖ, ಮೇಲಿನಿಂದ ಕಂಡ ಚೀಲ, ಆತುರದ ಕೈಗಳು, ಹುರಿ, ಮತ್ತೆ ಮುಖ. ಪೂರ್ತಿ ಹಾಕಿ ನೋಡಿದೆ. "ಆಹಾ! ಪಕ್ಕಾ ಕಳ್ಳಿ!" ಎಂದು ಒಬ್ಬಳೇ ಕೂತು ಜೋರಾಗಿ ಹೇಳಿದೆ. ಈಗ ಬರೆಯುವಾಗಲೂ ಆ ಮಾತು ನನ್ನ ಕಿವಿಗೆ ಬಿದ್ದ ಹಾಗಾಗುತ್ತದೆ, ನಾಚಿಕೆಯಿಂದ ಕುಗ್ಗಿಹೋಗುತ್ತೇನೆ.

ಎರಡೂ ತುಣುಕುಗಳನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಬೇರೆ ಬೇರೆಯಾಗಿ ಹಾಕಿದೆ. ಶೀರ್ಷಿಕೆಯಿಲ್ಲ, ವಿವರಣೆಯಿಲ್ಲ. ಬೇಕೆಂತಲೇ. ನೋಡುವವರಿಗೆ ಮೊದಲೇ ಏನೂ ಹೇಳಿಕೊಡಬಾರದು, ಸಂಕೇತಗಳಿಂದಲೇ ಕಥೆ ಕಂಡುಕೊಳ್ಳಬೇಕು ಎಂಬುದು ನಮ್ಮ ಪಾಠದ ಕ್ರಮ. ಇಲ್ಲಿ ಏನು ನಡೆಯುತ್ತಿದೆ ಬರೆಯಿರಿ ಎಂದಷ್ಟೇ ಕೇಳಿದೆ. ಮೊದಲನೆಯದಕ್ಕೆ ಉತ್ತರಗಳು ಅಷ್ಟಕ್ಕಷ್ಟೆ. ಎರಡನೆಯದಕ್ಕೆ ಪ್ರತಿಯೊಬ್ಬರೂ ಬರೆದಿದ್ದರು: ಶಾಲೆಯ ಅಡುಗೆಯವಳು ಮಕ್ಕಳ ಅಕ್ಕಿ ಕದಿಯುತ್ತಿದ್ದಾಳೆ. ಏಪ್ರನ್, ಚೀಲ, ಬೆಳಕು, ಶಬ್ದ, ಎಲ್ಲವನ್ನೂ ಪುರಾವೆಯಾಗಿ ಕೊಟ್ಟಿದ್ದರು. ಖುಷಿಯಿಂದ ಎಲ್ಲರಿಗೂ ಶಹಬ್ಬಾಸ್ ಹೇಳಿದೆ.

ಮಕ್ಕಳ ಅಕ್ಕಿ ಎಂದು ಓದಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆ ಭದ್ರಾವತಿಯ ಹುಡುಗಿ ಎರಡನೆಯ ತುಣುಕನ್ನು ಮನೆಯಲ್ಲಿ ತೋರಿಸಿದ್ದಾಳೆ, ನಮ್ಮ ಮ್ಯಾಮ್ ಮಾಡಿದ್ದು ನೋಡಿ ಎಂದು. ಅಲ್ಲಿಂದ ಅದು ಅವಳ ಅತ್ತಿಗೆಯ ಫೋನಿಗೆ, ಅಲ್ಲಿಂದ ಚಿಕ್ಕಮ್ಮನ ಶಾಲೆಯ ತಾಯಂದಿರ ಗುಂಪಿಗೆ ಹೋಗಿದೆ. ಕೂಸಿನ ತುಣುಕನ್ನು ಯಾರೂ ಯಾರಿಗೂ ಕಳಿಸಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಚಿಕ್ಕಮ್ಮನ ಫೋನ್ ಬಂದ ಮೇಲೆ.

"ಏನೇ ಮಾಡಿದ್ದೀ ನೀನು?" ಅಂದಳು. ಬೈಗುಳದ ದನಿಯಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳುವ ದನಿ. "ದೊಡ್ಡ ಟೀಚರು ಫೋನಲ್ಲಿ ತೋರ್ಸಿದ್ರು. ನಾನೇ ಹೌದು, ನಮ್ಮನೆ ಚೀಲಾನೇ ಹೌದು. ಆದ್ರೆ ಅದ್ಯಾಕೆ ಹಂಗೆ ಕಾಣ್ತೀನಿ ನಾನು? ಸ್ವಲ್ಪ ದಿನ ಬರ್ಬೇಡಿ ಅಂದ್ರು."

ಅವಳಿಂದ ನಂಬರ್ ತೆಗೆದುಕೊಂಡು ಆ ಕ್ಷಣವೇ ದೊಡ್ಡ ಟೀಚರಿಗೆ, ಅಂದರೆ ಮುಖ್ಯ ಶಿಕ್ಷಕಿಗೆ, ಫೋನ್ ಮಾಡಿದೆ. ಅವರು ಒಳ್ಳೆಯವರು, ಪಾಪ. ದಾಸ್ತಾನು ಕೋಣೆಯ ಅಕ್ಕಿಯನ್ನು ತೂಗಿಸಿಯೂ ನೋಡಿದ್ದರು, ಒಂದು ಕಾಳೂ ಹೆಚ್ಚುಕಡಿಮೆ ಇರಲಿಲ್ಲ.

"ನನಗೆ ಅರ್ಥ ಆಗುತ್ತೆ ಮೇಡಂ, ಅದು ಆ್ಯಕ್ಟಿಂಗ್ ಅಂತ. ಆದ್ರೆ ತಾಯಂದಿರು ಗೇಟ್ ಹತ್ರ ಬಂದು ಕೇಳ್ತಾರೆ. ಇವತ್ತು ಸರಿ ಇದೆ, ಮುಂಚೆ ಎಷ್ಟು ಹೋಯ್ತೋ ಅಂತಾರೆ. ಏನ್ ಹೇಳ್ಲಿ? ಬೇರೆಯವ್ರನ್ನ ತಗೊಳ್ಳಿ ಅಂತ ಕಮಿಟಿಯವ್ರು ಪಟ್ಟು ಹಿಡಿದು ಕೂತಿದ್ದಾರೆ. ಶನಿವಾರ ಮೀಟಿಂಗು. ನೀವೇ ಬಂದು ಹೇಳಿ."

ಕಮಿಟಿ ಎಂದರೆ ಮಕ್ಕಳ ತಂದೆತಾಯಂದಿರೇ ಇರುವ ಶಾಲಾಭಿವೃದ್ಧಿ ಸಮಿತಿ. ಅಡುಗೆಯವರು ಇರಬೇಕೋ ಹೋಗಬೇಕೋ ಎಂಬಲ್ಲಿ ಅವರ ಮಾತು ನಡೆಯುತ್ತದೆ.

ಇದೇ ಹೊತ್ತಿಗೆ ಸಂಪಾದಕರು ಅಧ್ಯಾಯ ಎಲ್ಲಿಗೆ ಬಂತು ಎಂದು ಕೇಳಿದರು. ನಡೆದದ್ದನ್ನು ಹೇಳಿಕೊಂಡೆ. "ಅಯ್ಯೋ, ಇದಕ್ಕಿಂತ ಉದಾಹರಣೆ ಬೇಕಾ ನಿಮಗೆ? ಸಂಕೇತಗಳ ಶಕ್ತಿ ಏನು ಅಂತ ಇದರಲ್ಲೇ ಇದೆಯಲ್ಲ! ಮುಖ ಮಸುಕು ಮಾಡಿ ಹಾಕಿ, ಘಟನೆಯನ್ನೂ ಬರೀರಿ" ಎಂದರು. ಹೇಳಲು ಹೇಸಿಗೆಯಾಗುತ್ತದೆ, ಒಂದು ಗಳಿಗೆ ನನಗೂ ಹೌದಲ್ಲ ಅನಿಸಿತು. ತಲೆಯಲ್ಲಿ ಆ ಪ್ಯಾರಾದ ಮೊದಲ ವಾಕ್ಯ ಕೂಡ ಮೂಡಿತ್ತು. ಅಲ್ಲಿ ಚಿಕ್ಕಮ್ಮ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಳೆ, ಇಲ್ಲಿ ನಾನು ವಾಕ್ಯ ಜೋಡಿಸುತ್ತಿದ್ದೇನೆ.

ಶನಿವಾರಕ್ಕೆ ಏನು ಮಾಡುವುದೆಂದು ಯೋಚಿಸಿದೆ. ಮುಖದ ಮೂಲ ಶಾಟ್ ತೋರಿಸುವುದು, ಆಮೇಲೆ ಎರಡೂ ಕಥೆಗಳನ್ನು ತೋರಿಸಿ ಬೆಳಕು, ಶಬ್ದ ಹೇಗೆ ಬದಲಾಯಿಸಿದೆ ಎಂದು ಬಿಡಿಸಿ ಹೇಳುವುದು. ಸಾಲದು ಅನಿಸಿತು. ಯಾರನ್ನು ಕೂರಿಸಿದರೂ ಹೀಗೇ ಕಾಣುತ್ತಾರೆ ಎಂದು ಸಾಬೀತು ಮಾಡಬೇಕು. ಹಾಗಾದರೆ ನಾನೇ ಕೂತರಾಯಿತು.

ಶುಕ್ರವಾರ ಜನ್ನಾಪುರಕ್ಕೆ ಹೋದೆ. ಚಿಕ್ಕಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು. ಚಿಕ್ಕಮ್ಮ ಬೈಯಲಿಲ್ಲ. ಕಾಫಿ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಏಪ್ರನ್ ಕೇಳಿದೆ, ಒಗೆದು ಮಡಚಿಟ್ಟಿದ್ದನ್ನು ತಂದುಕೊಟ್ಟಳು. ಕಟ್ಟಿಕೊಂಡು ಅದೇ ಮಣೆಯ ಮೇಲೆ, ಅದೇ ಕಿಟಕಿಯ ಪಕ್ಕ ಕೂತೆ. ಗುಂಡಿ ಒತ್ತು ಅಂದರೆ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನಾನ್ ಮುಟ್ಟಲ್ಲ ಅದನ್ನ. ನೀನೇ ಒತ್ಕೋ."

ನಾನೇ ಒತ್ತಿ, ಓಡಿಬಂದು ಕೂತು, ನೆಲದ ಮೂಲೆ ನೋಡಿದೆ. ಚೀಲದ ಬಾಯಿ ನಾನೇ ಕಟ್ಟಿದೆ. ಸಂಜೆ ಮನೆಗೆ ಹೋಗಿ ಅದೇ ಕತ್ತಲು, ಅದೇ ನೀಲಿ, ಅದೇ ಫ್ಯಾನಿನ ಶಬ್ದ, ಅಳತೆ ತಪ್ಪದಂತೆ ಅದೇ ಜೋಡಣೆ ಮಾಡಿದೆ.

ಸಭೆ ನಡೆದದ್ದು ಆರನೇ ತರಗತಿಯ ಕೋಣೆಯಲ್ಲಿ, ಅಲ್ಲಿ ಒಂದು ದೊಡ್ಡ ಟಿವಿ ಇತ್ತು. ಸಮಿತಿಯ ಅಧ್ಯಕ್ಷರು ಕುರ್ಚಿಯಲ್ಲಿ, ತಾಯಂದಿರು ಮಕ್ಕಳ ಬೆಂಚುಗಳಲ್ಲಿ. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ಆವತ್ತು ಹಸಿರು ಸೀರೆ ಉಟ್ಟಿದ್ದಳು.

ಮೂಲ ಶಾಟ್ ತೋರಿಸಿದೆ. ಕೂಸಿನ ಕಥೆ ತೋರಿಸಿದೆ. ಅಕ್ಕಿಯ ಕಥೆ ತೋರಿಸಿ, ಎಲ್ಲಿ ಕತ್ತಲು ಮಾಡಿದೆ, ಎಲ್ಲಿ ಶಬ್ದ ಸೇರಿಸಿದೆ ಎಂದು ನಿಲ್ಲಿಸಿ ನಿಲ್ಲಿಸಿ ವಿವರಿಸಿದೆ. ತರಗತಿಯಲ್ಲಿ ಇಷ್ಟು ಚೆನ್ನಾಗಿ ನಾನು ಯಾವತ್ತೂ ಪಾಠ ಮಾಡಿಲ್ಲ. ಮುಂದಿನ ಬೆಂಚಿನ ತಾಯಿಯೊಬ್ಬಳು ಎಲ್ಲ ಕೇಳಿಸಿಕೊಂಡು ಹೇಳಿದಳು: "ಲೈಟೆಲ್ಲ ನೀವು ಮಾಡಿದ್ದು ಸರಿ ಮೇಡಂ. ಆದ್ರೂ ಮುಖದಲ್ಲೇ ಗೊತ್ತಾಗುತ್ತಲ್ಲ?"

ಉಳಿದವರು ತಲೆಯಾಡಿಸಿದರು. ಸರಿ, ಇದನ್ನೂ ನೋಡಿ ಎಂದು ನನ್ನದನ್ನು ಹಾಕಿದೆ. ಫ್ಯಾನಿನ ಶಬ್ದ ಶುರುವಾಯಿತು. ಅರ್ಧ ಕತ್ತಲಲ್ಲಿ ಏಪ್ರನ್ ಕಟ್ಟಿಕೊಂಡ ನಾನು ಬಂದೆ. ಚೀಲ ಬಂತು. ಕೈಗಳು ಬಂದವು.

ಮೊದಲು ಒಬ್ಬರು ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಆ ತಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತಾ ಅಂದರು: "ಬಿಡಿ ಮೇಡಂ, ನೀವು ಕಾಲೇಜ್ ಲೆಕ್ಚರರ್ರು. ಅಕ್ಕಿ ಕದ್ಕೊಂಡ್ ಹೋಗಿ ಏನ್ ಮಾಡ್ತೀರ? ಯಾರ್ ನಂಬ್ತಾರೆ ಇದನ್ನ!"

ನಾನು ನಗಲು ಬಾಯಿ ತೆರೆದವಳು ಹಾಗೇ ನಿಂತೆ. ಬೆಳಕು ಅದೇ, ಶಬ್ದ ಅದೇ, ಕೋನ ಅದೇ. ನನ್ನ ಅಧ್ಯಾಯದ ಪ್ರಕಾರ ನಾನೂ ಕಳ್ಳಿಯಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಚಿಕ್ಕಮ್ಮನನ್ನು ಕಳ್ಳಿ ಮಾಡಿದ್ದು ಬೆಳಕಲ್ಲ. ಇವರ ತಲೆಯಲ್ಲಿ ಅದು ಮೊದಲೇ ಇತ್ತು. ಅವರನ್ನು ಚೆನ್ನಾಗಿ ಝಾಡಿಸಬೇಕೆಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು: ನನ್ನ ತಲೆಯಲ್ಲಿ? ಕಳ್ಳಿ ಬೇಕು ಅಂದಾಗ ಒಂದು ಕ್ಷಣವೂ ತಡಕಾಡದೆ ಬಸ್ ಹತ್ತಿದವಳು ಯಾರು?

ಅದನ್ನು ಹೇಳದೆ ಬಿಡಬಹುದಿತ್ತು. ಆದರೆ ಅವರು ಇನ್ನೂ ನಗುತ್ತಿದ್ದರು, ಹೀಗೇ ಬಿಟ್ಟರೆ ನನ್ನನ್ನು ನೋಡಿ ನಕ್ಕು, ಅವಳನ್ನು ಕೆಲಸದಿಂದ ಕಳಿಸಿ, ಮನೆಗೆ ಹೋಗುತ್ತಾರೆ.

"ನನ್ನ ನೋಡಿ ನಕ್ರಿ, ಅವ್ರನ್ನ ನೋಡಿ ನಂಬಿದ್ರಿ," ಅಂದೆ. "ಎರಡರಲ್ಲೂ ಎಲ್ಲಾ ಒಂದೇ. ನಿಮ್ಮನ್ನ ಮಾತ್ರ ಅಂತಿಲ್ಲ. ನಂಗೆ ಒಬ್ಳು ಕಳ್ಳಿ ಬೇಕಾಗಿತ್ತು. ನನ್ನ ಜೊತೆ ಕೆಲ್ಸ ಮಾಡೋ ಲೆಕ್ಚರರ್ಸ್ ಇದ್ರು, ನಾನಿದ್ದೆ. ಯಾರೂ ನೆನಪಾಗ್ಲಿಲ್ಲ. ಅಡುಗೆ ಮಾಡೋ ನಮ್ ಚಿಕ್ಕಮ್ಮ ನೆನಪಾದ್ಲು. ಸೀರೆ ಉಟ್ಕೊಂಡ್ ಬರ್ತೀನಿ ಅಂದ್ಲು, ನಾನೇ ಬೇಡ ಅಂದೆ. ಕದ್ದಿದ್ದು ನಿಮಗೆ ಮುಖದಲ್ಲಿ ಕಂಡಿದ್ರೆ, ಅದನ್ನ ಮೊದ್ಲು ಅಲ್ಲಿ ಇಟ್ಟೋಳು ನಾನು."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಆಯ್ತು, ಅಕ್ಕಿ ಹೆಂಗೂ ಸರಿ ಇದೆಯಲ್ಲ, ಸೋಮವಾರದಿಂದ ಅವ್ರೇ ಬರ್ಲಿ" ಎಂದರು. ಮುಖ್ಯ ಶಿಕ್ಷಕಿ ತಕ್ಷಣ ಬರೆದುಕೊಂಡರು. ಗೆದ್ದೆವು. ಬಾಗಿಲ ಕಡೆ ನೋಡಿದೆ. ಚಿಕ್ಕಮ್ಮ ಟಿವಿಯನ್ನಾಗಲಿ ಅವರನ್ನಾಗಲಿ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಹೊರಗೆ ಮುಖ್ಯರಸ್ತೆಯವರೆಗೂ ಅವಳು ನನ್ನ ಮುಂದೆ ನಡೆದಳು. ಆಟೋ ಸ್ಟ್ಯಾಂಡಿನ ಹತ್ತಿರ ನಿಂತಳು.

"ನಾನು ಇಷ್ಟ್ ದಿನ, ಏನೋ ಕೈತಪ್ಪಿ ಆಯ್ತು ಪಾಪ ಅಂದ್ಕೊಂಡಿದ್ದೆ ಕಣೇ. ಕಳ್ಳಿ ಬೇಕು ಅಂದಾಗ ನಾನೇ ನೆನಪಾದ್ನಾ ನಿಂಗೆ?"

"ಹೂಂ ಚಿಕ್ಕಮ್ಮ."

"ನಿಮ್ಮಮ್ಮ ನೆನಪಾಗ್ಲಿಲ್ವಾ? ಅಕ್ಕಂದೂ ನಂದೂ ಒಂದೇ ಮುಖ ಅಂತಾರಲ್ಲ ಎಲ್ರೂ."

ಅಮ್ಮ ನಿವೃತ್ತ ಮೇಷ್ಟ್ರ ಹೆಂಡತಿ, ಇಸ್ತ್ರಿ ಮಾಡಿದ ಸೀರೆ ಉಡುವವಳು. ಅಮ್ಮನ ಮುಂದೆ ಗೋಣಿಚೀಲ ಇಡುವ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಚಿಕ್ಕಮ್ಮ ಉತ್ತರಕ್ಕೆ ಕಾಯಲಿಲ್ಲ. "ಬಸ್ಸು ಬಂತು ನೋಡು, ಹೋಗು" ಅಂದಳು.

ಅಧ್ಯಾಯವನ್ನು ಮೊದಲಿನಿಂದ ಬರೆದೆ. ಇಂಥ ಕೋನಕ್ಕೆ ಇಂಥ ಅರ್ಥ ಎಂಬ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ನೋಡುವವರು ತಮ್ಮ ಜೊತೆ ಏನನ್ನು ಹೊತ್ತು ತರುತ್ತಾರೆ, ಪಾತ್ರಕ್ಕೆ ಯಾರನ್ನು ಆರಿಸುತ್ತೇವೆ, ಯಾಕೆ ಆರಿಸುತ್ತೇವೆ, ಅಲ್ಲಿಂದ ಶುರು ಮಾಡಿದೆ. ಚಿಕ್ಕಮ್ಮನ ಒಂದು ಚೌಕಟ್ಟೂ ಅದರಲ್ಲಿಲ್ಲ, ಘಟನೆಯೂ ಇಲ್ಲ. ಚಿತ್ರಗಳಿಗೆ ನನ್ನ ಮುಖವನ್ನೇ ಬಳಸಿದೆ. ಆ ಘಟನೆ ಹಾಕಿದ್ದರೆ ಆಗುತ್ತಿದ್ದಷ್ಟು ಇದು ಪರಿಣಾಮಕಾರಿಯಾಗಿಲ್ಲ ಎಂದರು ಸಂಪಾದಕರು. ಇರಲಿ ಬಿಡಿ ಅಂದೆ.

ಪುಸ್ತಕ ಅಚ್ಚಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಆ ಶಾಲೆಗೆ ಹೋದೆ. ಕ್ಷಮೆ ಕೇಳುವುದಿತ್ತು, ಫೋನಿನಲ್ಲಿ ಕೇಳಿದಾಗಲೆಲ್ಲ "ಆಯ್ತು ಬಿಡೇ" ಎಂದು ಇಟ್ಟುಬಿಡುತ್ತಿದ್ದಳು. ಅಡುಗೆಕೋಣೆಯಲ್ಲಿ ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಚಿಕ್ಕಮ್ಮ ದಾಸ್ತಾನು ಕೋಣೆಯ ಹೊರಗೆ ಖಾಲಿ ಡಬರಿ ಹಿಡಿದು ನಿಂತಿದ್ದಳು, ಬಾಗಿಲು ತೆರೆದೇ ಇದ್ದರೂ ಒಳಗೆ ಹೋಗದೆ.

"ಯಾಕೆ ಇಲ್ಲೇ ನಿಂತಿದೀಯ? ನೀರು ಕುದೀತಾ ಇದೆ."

"ದೊಡ್ಡ ಟೀಚರು ಫೋನಲ್ಲಿದ್ದಾರೆ. ಬರ್ಲಿ ಅಂತ."

"ಅವ್ರು ಯಾಕೆ ಬರ್ಬೇಕು?"

"ಅಕ್ಕಿ ತೆಗಿಯುವಾಗ ಯಾರಾದ್ರೂ ಒಬ್ರು ನಿಂತು ನೋಡ್ಬೇಕಲ್ಲ."

"ಯಾರು ಚಿಕ್ಕಮ್ಮ ಹಂಗೆ ರೂಲ್ಸ್ ಮಾಡಿದ್ದು? ನಾನು ಮಾತಾಡ್ತೀನಿ ಅವ್ರ ಹತ್ರ."

"ಯಾರೂ ಮಾಡಿಲ್ಲ. ಬೇಡ ಅಂತಾನೇ ಹೇಳ್ತಾರೆ ಪಾಪ. ನಂಗೇ ಒಬ್ಳೇ ಒಳಗೆ ಹೋಗೋಕೆ ಆಗಲ್ಲ." ನೀರಿನ ಕಡೆ ಒಮ್ಮೆ ನೋಡಿದಳು. "ಬಾ, ಇವತ್ತು ನೀನೇ ನಿಂತ್ಕೋ. ಹೊತ್ತಾಗುತ್ತೆ, ಮಕ್ಕಳು ಊಟಕ್ಕೆ ಬರ್ತವೆ."

ನಾನು ಬಾಗಿಲಲ್ಲಿ ನಿಂತೆ. ಅವಳು ಚೀಲದ ಬಾಯಿ ಬಿಚ್ಚಿ, ಪ್ರತಿ ಸೇರನ್ನೂ ಅಂಗೈಯಿಂದ ಸಮ ಮಾಡಿ, ಡಬರಿಗೆ ಸುರಿಯುವ ಮೊದಲು ನನ್ನ ಕಡೆ ಎತ್ತಿ ಹಿಡಿದು ತೋರಿಸುತ್ತಿದ್ದಳು. ಪ್ರತಿ ಸಲವೂ ನಾನು ಹೂಂ ಅನ್ನಬೇಕಾಗಿತ್ತು. ಹೂಂ ಅನ್ನುವವರೆಗೂ ಅವಳು ಸುರಿಯುತ್ತಿರಲಿಲ್ಲ.